ಸ್ಪ್ರಿಂಗ್ ಕಂಪ್ರೆಸರ್: ತಾಲ್ಲೂಕಿಗೊಂದು ಇರಲಿ



ಅಡಿಕೆಯ ಧಾರಣೆ, ಕಾಫಿಯ ನೆರಳು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಕೂಲಿಯಾಳುಗಳ ಅಭಾವ ಇವುಗಳ ವಿಷಯವಾಗಿ ಸಹಕಾರಿ ಪತ್ರಿಕೆಗಳಲ್ಲಿ ಬರೆದದ್ದು ಬಹಳ. ಆ ಫಸಲನ್ನು ಹೊತ್ತು ಮಂಡಿಗೆ ಮುಟ್ಟಿಸುವ ಗಾಡಿಯ ವಿಷಯವಾಗಿ ಬರೆದದ್ದು ಕಡಿಮೆ. ಗಾಡಿಯ ಮುಂಚಕ್ರದ ಒಳಗೆ ಅಡಗಿ ಕುಳಿತಿರುವ ಸುರುಳಿ ಸ್ಪ್ರಿಂಗನ್ನು ಬಿಚ್ಚುವ ಸಲಕರಣೆಯ ವಿಷಯವಾಗಿ ಬರೆದದ್ದು ಇಲ್ಲವೆಂದೇ ಹೇಳಬೇಕು. ಇದು ಗ್ಯಾರೇಜಿನವರ ಮಾತು, ತೋಟದವರಿಗೇಕೆ ಎಂದು ಕೆಲವರು ಕೇಳಿಯಾರು. ಆದರೆ ಈ ಸಲಕರಣೆಯಿಲ್ಲದೆ, ಅಥವಾ ಕೆಟ್ಟ ಸಲಕರಣೆಯಿಂದ, ಸ್ಪ್ರಿಂಗು ಬಿಚ್ಚುವಾಗ ಅಪಾಯಕ್ಕೆ ಒಡ್ಡಿಕೊಳ್ಳುವ ಕೈ ಮತ್ತು ಕಣ್ಣು ನಮ್ಮ ನೆರೆಮನೆಯ ಹುಡುಗನವು. ಆದ್ದರಿಂದ ಇದು ನಮ್ಮ ಮಾತೂ ಹೌದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಸಣ್ಣ ಹಿಡುವಳಿದಾರರಾದ ನಾವು ಈ ಬಗ್ಗೆ ಒಂದು ಸಲಹೆಯನ್ನು ಸದಸ್ಯರ ಮುಂದಿಡಲು ಬಯಸುತ್ತೇವೆ.

ನಮ್ಮ ಸೀಮೆಯ ಸ್ಥಿತಿ

ಮಲೆನಾಡಿನ ಸದಸ್ಯರಿಗೆ ನಮ್ಮ ಸೀಮೆ ಅಷ್ಟಾಗಿ ಪರಿಚಯವಿರಲಾರದು. ಕಾಫಿಗೆ ಇಲ್ಲಿಯ ಹವೆ ಒಗ್ಗದು. ಇದು ಮೂಲತಃ ಜೋಳ, ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಬಯಲುಸೀಮೆ. ಕೊಳವೆಬಾವಿಯ ನೀರಿರುವಲ್ಲಿ, ತುಂಗಭದ್ರೆಯ ಆಸರೆ ಇರುವಲ್ಲಿ ಮಾತ್ರ ಅಡಿಕೆ ತೋಟ ಎದ್ದಿದೆ. ಹಡಗಲಿಯ ಕಡೆ ಮಲ್ಲಿಗೆಯಿದೆ. ಆ ಹೂವು ಬೆಳಗಾಗುವುದರೊಳಗೆ ಪೇಟೆ ಸೇರದಿದ್ದರೆ ಬೆಲೆಯಿಲ್ಲ. ಅಡಿಕೆಯನ್ನಾದರೋ ದಾವಣಗೆರೆ, ಚನ್ನಗಿರಿ, ಶಿವಮೊಗ್ಗದ ಕಡೆಗೆ ಒಯ್ಯಬೇಕು. ಹೀಗಾಗಿ ಮಲೆನಾಡಿನವರಿಗೆ ಜೀಪು ಹೇಗೋ ನಮಗೆ ಹಳೆಯ ಓಮ್ನಿ, ಆಲ್ಟೊ, ಸಣ್ಣ ಸರಕು ಗಾಡಿಗಳು ಹಾಗೆ. ಅವು ಮನೆಯವರನ್ನೂ ಹೊರುತ್ತವೆ, ಗೊಬ್ಬರವನ್ನೂ ಹೊರುತ್ತವೆ, ಸುಲಿದ ಅಡಿಕೆಯ ಚೀಲವನ್ನೂ ಹೊರುತ್ತವೆ.

ಕೂಡ್ಲಿಗಿಯ ಮೇಲೆ ಹಾಯುವ ಚಿತ್ರದುರ್ಗ - ಹೊಸಪೇಟೆ ಹೆದ್ದಾರಿ ಚೆನ್ನಾಗಿದೆ, ನಿಜ. ಆದರೆ ತೋಟ ಹೆದ್ದಾರಿಯ ಬದಿಗಿಲ್ಲ. ಹೆದ್ದಾರಿಯಿಂದ ಇಳಿದ ಮೇಲೆ ಕೆಮ್ಮಣ್ಣು, ಗರಸು, ಹಳ್ಳದ ದಾಟು, ಎತ್ತಿನ ಗಾಡಿಯ ಜಾಡು. ಹರಪನಹಳ್ಳಿಯವರು ೧೯೯೭ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಹೋದರು, ಮತ್ತೆ ಬಳ್ಳಾರಿಗೆ ಬಂದರು, ೨೦೨೧ರಿಂದ ಉಳಿದ ನಾಲ್ಕು ತಾಲ್ಲೂಕುಗಳ ಜೊತೆ ವಿಜಯನಗರ ಜಿಲ್ಲೆಯವರಾದರು. ಜಿಲ್ಲೆ ಮೂರು ಸಲ ಬದಲಾಯಿತು. ತೋಟದ ದಾರಿಯ ಗುಂಡಿ ಬದಲಾಗಲಿಲ್ಲ. ಗುಂಡಿಯ ಪೆಟ್ಟನ್ನು ಮೊದಲು ತಿನ್ನುವುದು ಟೈರು, ಅದರ ಹಿಂದೆಯೇ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬಂತೆ, ಇಂಥ ದಾರಿಗೆ ಇಳಿದ ಗಾಡಿ ಇಂದಲ್ಲ ನಾಳೆ ಗ್ಯಾರೇಜಿಗೆ ಬರಲೇಬೇಕು.

ಯಾವ ಗಾಡಿಗೆ ಈ ಸಲಕರಣೆ ಬೇಕು?

ಎಲ್ಲ ಗಾಡಿಗೂ ಸ್ಪ್ರಿಂಗ್ ಕಂಪ್ರೆಸರ್ ಬೇಕಾಗಿಲ್ಲ. ಹಳೆಯ ವಿಲ್ಲೀಸ್ ಮತ್ತು ಮಹೀಂದ್ರ ಜೀಪುಗಳಿಗೆ ನಾಲ್ಕು ಚಕ್ರಕ್ಕೂ ಪಟ್ಟಿ ಸ್ಪ್ರಿಂಗು, ಗ್ಯಾರೇಜಿನವರ ಬಾಯಲ್ಲಿ ‘ಕಮಾನು’. ಅದನ್ನು ಬಿಚ್ಚಲು ಜಾಕಿ, ಯು-ಬೋಲ್ಟಿನ ಪಾನಾ, ಭುಜಬಲ ಸಾಕು. ಅಂಬಾಸಿಡರ್ ಕಾರಿನ ಹಿಂದೆ ಕಮಾನು, ಮುಂದೆ ತಿರುಚುವ ಸರಳು. ಅದಕ್ಕೂ ಈ ಸಲಕರಣೆ ಬೇಡ. ೨೦೦೫ರಲ್ಲಿ ಬಂದ ಟಾಟಾ ಏಸ್ ಗಾಡಿಗೆ ಹಿಂದೆ ಮುಂದೆ ಎರಡೂ ಕಡೆ ಕಮಾನೇ. ಆದ್ದರಿಂದ ನಮ್ಮ ಹಿರಿಯರ ಕಾಲದ ಮೇಸ್ತ್ರಿಗಳಿಗೆ ಈ ವಸ್ತುವಿನ ಗೊಡವೆಯೇ ಇರಲಿಲ್ಲ. ಪ್ರೀಮಿಯರ್ ಪದ್ಮಿನಿಯ ಮುಂದೆ ಮಾತ್ರ ಎರಡು ತೋಳುಗಳ ನಡುವೆ ಸುರುಳಿ ಸ್ಪ್ರಿಂಗು ಇರುತ್ತಿತ್ತು. ಹಳ್ಳಿಗಳಲ್ಲಿ ಆ ಕಾರು ಅಪರೂಪ.

ಸ್ಥಿತಿ ಬದಲಾದದ್ದು ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆ. ಮರುವರ್ಷ ಅದೇ ಕಂಪನಿಯ ವ್ಯಾನು ಬಂದಿತು. ಮುಂದೆ ಓಮ್ನಿ ಎಂದು ಹೆಸರಾದದ್ದು ಅದೇ. ಇವುಗಳ ಮುಂಚಕ್ರಕ್ಕೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ೧೯೪೦ರ ದಶಕದಲ್ಲಿ ರೂಪಿಸಿದ ಜೋಡಣೆ ಇದು. ೧೯೫೦ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಕಾಣಿಸಿಕೊಂಡಿತು. ಶಾಕ್ ಅಬ್ಸಾರ್ಬರಿನ ಕೊಳವೆಯ ಸುತ್ತಲೇ ಸುರುಳಿ ಸ್ಪ್ರಿಂಗನ್ನು ಕೂರಿಸಿ, ಮೇಲೊಂದು ತಟ್ಟೆಯಿಟ್ಟು, ನಡುಸರಳಿನ ತುದಿಗೆ ಒಂದೇ ಒಂದು ನಟ್ಟು ಬಿಗಿದಿರುತ್ತಾರೆ. ಭಾಗ ಕಡಿಮೆ, ಜಾಗ ಕಡಿಮೆ, ಖರ್ಚೂ ಕಡಿಮೆ. ಆದ್ದರಿಂದಲೇ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್ ಮುಂತಾದ ಸಣ್ಣ ಕಾರುಗಳಲ್ಲೆಲ್ಲ ಅದೇ ಪದ್ಧತಿ. ಮಾರುತಿ ೮೦೦ರ ತಯಾರಿಕೆ ೨೦೧೪ರಲ್ಲಿ ನಿಂತಿತು, ಓಮ್ನಿಯದು ೨೦೧೯ರಲ್ಲಿ. ಆದರೆ ಹಳ್ಳಿಗಳಲ್ಲಿ ಅವು ನಿಂತಿಲ್ಲ, ಓಡುತ್ತಲೇ ಇವೆ. ಓಡಿದಷ್ಟು ಹಳತಾಗುತ್ತವೆ, ಹಳತಾದಷ್ಟು ಸ್ಟ್ರಟ್ ಬಿಚ್ಚುವ ಪ್ರಸಂಗ ಹೆಚ್ಚುತ್ತದೆ.

ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂಬುದನ್ನು ಯಾರನ್ನೂ ಕೇಳಬೇಕಾಗಿಲ್ಲ. ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಮುಂಚಕ್ರದ ಹಿಂದೆ ಬಗ್ಗಿ ನೋಡಿ. ಕಪ್ಪು ಕೊಳವೆಯ ಸುತ್ತ ಸುರುಳಿ ಕಂಡರೆ ಸ್ಟ್ರಟ್. ಅಗಲವಾದ ಉಕ್ಕಿನ ಪಟ್ಟಿಗಳ ಕಟ್ಟು ಕಂಡರೆ ಕಮಾನು.

ಅಪಾಯ ಎಲ್ಲಿದೆ?

ಮಲೆನಾಡಿನಲ್ಲಿ ಕೊನೆಗೌಡರು ಅಡಿಕೆ ಮರವನ್ನು ಬಾಗಿಸಿ ಪಕ್ಕದ ಮರವನ್ನು ಹಿಡಿದು ದಾಟುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹಿಡಿತ ಬಿಟ್ಟೊಡನೆ ಹಿಂದಿನ ಮರ ಚಿಮ್ಮಿ ನೆಟ್ಟಗಾಗುತ್ತದೆ. ಬಾಗಿದ್ದರಲ್ಲೆಲ್ಲ ಬಲ ಅಡಗಿದೆ, ಬಿಟ್ಟಾಗ ಅದು ಒಂದೇ ಕ್ಷಣದಲ್ಲಿ ಹೊರಬರುತ್ತದೆ ಎಂಬ ಪಾಠಕ್ಕೆ ಅದಕ್ಕಿಂತ ಬೇರೆ ಶಾಲೆ ಬೇಡ. ಕಾರಿನ ಸ್ಪ್ರಿಂಗು ಅಂಥದೇ. ವ್ಯತ್ಯಾಸವೆಂದರೆ ಅದು ಉಕ್ಕು.

ಲೆಕ್ಕ ಹಾಕಿ ನೋಡೋಣ. ಒಂದು ಸ್ಪ್ರಿಂಗು ಒಂದು ಮಿಲಿಮೀಟರು ಕುಗ್ಗಬೇಕಾದರೆ ೨ ಕಿಲೋ ಭಾರ ಬೇಕು ಎಂದಿಟ್ಟುಕೊಳ್ಳಿ. ಸಣ್ಣ ಕಾರಿಗೆ ಇದೇನೂ ದೊಡ್ಡ ಲೆಕ್ಕವಲ್ಲ. ಅದನ್ನು ೧೫ ಸೆಂಟಿಮೀಟರು ಅದುಮಿದರೆ ೩೦೦ ಕಿಲೋ ಭಾರ ಅದರ ಮೇಲೆ ಕುಳಿತಂತಾಯಿತು, ಅಂದರೆ ೫೦ ಕಿಲೋದ ಆರು ಗೊಬ್ಬರದ ಚೀಲ. ಈ ಬಲವೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಮೂರು ಕಿಲೋ ತೂಕದ ಉಕ್ಕಿನ ಭಾಗವನ್ನು ಎಸೆದರೆ, ಅದು ಹೊರಡುವ ವೇಗ ಗಂಟೆಗೆ ೪೦ ಕಿಲೋಮೀಟರಿಗೂ ಹೆಚ್ಚು. ಭಾಗ ಹಗುರವಾದಷ್ಟೂ ವೇಗ ಇನ್ನೂ ಹೆಚ್ಚುತ್ತದೆ. ಎದುರಿಗೆ ಇರುವುದು ಒಂದು ಮೊಳ ದೂರದಲ್ಲಿ ಬಗ್ಗಿ ಕುಳಿತವನ ಮುಖ.

ಇನ್ನೊಂದು ಮಾತನ್ನು ಗಮನಿಸಬೇಕು. ಗಾಡಿಯನ್ನು ಜಾಕಿಯ ಮೇಲೆ ಎತ್ತಿ ಚಕ್ರ ಜೋತುಬಿದ್ದಾಗ ಸ್ಪ್ರಿಂಗು ಸಡಿಲವಾಯಿತೆಂದು ತಿಳಿಯುವವರು ಬಹಳ. ಅದು ತಪ್ಪು ತಿಳಿವಳಿಕೆ. ಸ್ಟ್ರಟ್ಟನ್ನು ಗಾಡಿಯಿಂದ ಪೂರ್ತಿ ಹೊರತೆಗೆದು ಕೈಯಲ್ಲಿ ಹಿಡಿದಾಗಲೂ ಅದರ ಸ್ಪ್ರಿಂಗು ಅದುಮಿಕೊಂಡೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮೇಲಿನ ಆ ಒಂದು ನಡುನಟ್ಟು ಮಾತ್ರ. ಆ ನಟ್ಟಿಗೆ ಪಾನಾ ಹಾಕಿ ತಿರುಗಿಸುವುದೆಂದರೆ ತುಂಬಿದ ಬಂದೂಕಿನ ಕುದುರೆ ಎಳೆದಂತೆ.

ನಮ್ಮ ಸಣ್ಣ ಊರುಗಳ ಗ್ಯಾರೇಜುಗಳಲ್ಲಿ ಈ ಕೆಲಸ ನಡೆಯುವ ರೀತಿ ಹೇಗಿದೆ? ಕೆಲವೆಡೆ ಸ್ಪ್ರಿಂಗಿಗೆ ಹಗ್ಗವೋ ಸರಪಳಿಯೋ ಸುತ್ತಿ, ನಟ್ಟು ಬಿಚ್ಚಿ, ಕಾಲಿನಿಂದ ಅದುಮಿ ಹಿಡಿಯುತ್ತಾರೆ. ಕೆಲವೆಡೆ ದಪ್ಪ ಕಬ್ಬಿಣದ ಸರಳನ್ನು ಬಗ್ಗಿಸಿ ಬೆಸುಗೆ ಹಾಕಿದ ಕೊಕ್ಕೆಗಳನ್ನು ಬಳಸುತ್ತಾರೆ. ‘ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಾ ಇದೀವಿ ಸಾರ್, ಏನೂ ಆಗಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಇಪ್ಪತ್ತು ವರ್ಷ ಏನೂ ಆಗದಿರುವುದು ಇಪ್ಪತ್ತೊಂದನೆಯ ವರ್ಷಕ್ಕೆ ರಕ್ಷೆಯಲ್ಲ. ಅವರನ್ನು ದೂರಿ ಫಲವೂ ಇಲ್ಲ. ಮಜೂರಿಯಲ್ಲಿ ಐವತ್ತು ನೂರು ರೂಪಾಯಿಗೆ ಚೌಕಾಶಿ ಮಾಡುವ ನಾವೇ ಅವರು ಒಳ್ಳೆಯ ಸಲಕರಣೆ ಕೊಳ್ಳದಂತೆ ಮಾಡಿದ್ದೇವೆ. ಸಂಜೆಯೊಳಗೆ ಗಾಡಿ ಕೊಡಬೇಕೆಂದು ಅವಸರಪಡಿಸುವವರೂ ನಾವೇ.

ಸಲಕರಣೆಯ ಬಗೆಗಳು

ಸ್ಪ್ರಿಂಗ್ ಕಂಪ್ರೆಸರಿನಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಕೊಕ್ಕೆಯ ಜೋಡಿ. ಎರಡು ಉದ್ದನೆಯ ಥ್ರೆಡ್ಡಿನ ಸರಳು. ಒಂದೊಂದಕ್ಕೂ ಮೇಲೊಂದು ಕೆಳಗೊಂದು ಕೊಕ್ಕೆ. ಸ್ಪ್ರಿಂಗಿನ ಎರಡು ಬದಿಗೆ ಎದುರುಬದುರಾಗಿ ಸಿಕ್ಕಿಸಿ ಸರದಿಯ ಮೇಲೆ ಬಿಗಿಯಬೇಕು. ಬೆಲೆ ಕಡಿಮೆ, ಒಂದು ಕ್ವಿಂಟಾಲ್ ಅಡಿಕೆಯ ಹಣದ ಸಣ್ಣದೊಂದು ಪಾಲು ಸಾಕು. ಒಯ್ಯುವುದು ಸುಲಭ. ಆದರೆ ಮೂರರಲ್ಲಿ ಹೆಚ್ಚು ಎಚ್ಚರಿಕೆ ಬೇಡುವುದೂ ಇದೇ. ಕೊಕ್ಕೆ ಸುರುಳಿಯ ಮೇಲೆ ಜಾರಬಹುದು, ಒಂದು ಬದಿ ಹೆಚ್ಚು ಬಿಗಿದರೆ ಸ್ಪ್ರಿಂಗು ಬಾಳೆಕಾಯಿಯಂತೆ ಬಾಗಿ ಹೊರಕ್ಕೆ ಚಿಮ್ಮಬಹುದು.

ಎರಡನೆಯದು ಸುರುಳಿಯ ಒಳಗಿನಿಂದ ಅದುಮುವಂಥದು. ಪದ್ಮಿನಿಯಂತೆ ಎರಡು ತೋಳುಗಳ ನಡುವೆ ಸ್ಪ್ರಿಂಗು ಕುಳಿತಿರುವ ಗಾಡಿಗಳಿಗೆ ಇದು ಬೇಕು. ಇಂದಿನ ಕೆಲವು ಜೀಪಿನ ಮಾದರಿಯ ಗಾಡಿಗಳಲ್ಲಿಯೂ ಅಂಥ ಜೋಡಣೆಯಿದೆ. ಸ್ಟ್ರಟ್ ಕೆಲಸಕ್ಕೆ ಇದು ಬಾರದು, ಏಕೆಂದರೆ ಅಲ್ಲಿ ಸುರುಳಿಯ ನಡುವೆ ಶಾಕ್ ಅಬ್ಸಾರ್ಬರೇ ಕುಳಿತಿರುತ್ತದೆ.

ಮೂರನೆಯದು ಗೋಡೆಗೋ ನೆಲದ ಕಂಬಕ್ಕೋ ಬಲವಾಗಿ ಬಿಗಿದ ನಿಲುವು ಯಂತ್ರ. ಸ್ಟ್ರಟ್ಟನ್ನು ಅದರಲ್ಲಿ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಹಿಡಿಗಳನ್ನು ಸುರುಳಿಗೆ ಕೂರಿಸಿ, ತಿರುಗುಹಿಡಿಯಿಂದಲೋ ಎಣ್ಣೆಯ ಒತ್ತಡದ ಪೆಡಲಿನಿಂದಲೋ ಅದುಮುವುದು. ಒಳ್ಳೆಯ ಯಂತ್ರಗಳಿಗೆ ಮುಂದೆ ತಂತಿಯ ಪಂಜರವೂ ಇರುತ್ತದೆ. ಕೊಕ್ಕೆಯ ಜೋಡಿಗಿಂತ ಬೆಲೆ ಹಲವು ಪಾಲು ಹೆಚ್ಚು, ಜಾಗವೂ ಬೇಕು. ಆದರೆ ಒತ್ತಡ ಸಮವಾಗಿ ಬೀಳುತ್ತದೆ, ಕೆಲಸಗಾರ ಸ್ಪ್ರಿಂಗಿನ ಎದುರಿಗೆ ಬಗ್ಗಿ ಕೂರಬೇಕಾಗಿಲ್ಲ. ದಿನವೂ ಸ್ಟ್ರಟ್ ಬಿಚ್ಚುವವರಿಗೆ ಸರಿಯಾದದ್ದು ಇದೊಂದೇ ಎಂಬುದು ನಮ್ಮ ಅಭಿಪ್ರಾಯ.

ಕೊಕ್ಕೆಯ ಜೋಡಿಯನ್ನೇ ಕೊಳ್ಳುವವರು ಇಷ್ಟನ್ನು ನೋಡಿ ಕೊಳ್ಳಲಿ. ಕೊಕ್ಕೆ ಎರಕದ್ದಾಗಿರದೆ ಬಡಿದು ಮಾಡಿದ ಉಕ್ಕಿನದಾಗಿರಬೇಕು. ಎರಕದ ಕಬ್ಬಿಣ ಸೂಚನೆ ಕೊಡದೆ ಮುರಿಯುತ್ತದೆ. ಸರಳು ದಪ್ಪನಾಗಿದ್ದು, ಥ್ರೆಡ್ಡು ಬೆಂಚು ವೈಸಿನ ಸ್ಕ್ರೂವಿನಂತೆ ಅಗಲವಾಗಿ ಒರಟಾಗಿರಬೇಕು. ಸಣ್ಣ ಥ್ರೆಡ್ಡು ಬೇಗ ಸವೆಯುತ್ತದೆ. ಕೊಕ್ಕೆಯ ಬಾಯಿಗೆ ಅಡ್ಡಲಾಗಿ ಹಾಕುವ ತಡೆಪಿನ್ನು ಇರಲೇಬೇಕು. ಸುರುಳಿ ಬಾಯಿಂದ ಹೊರಜಾರದಂತೆ ಹಿಡಿಯುವುದು ಅದೇ. ಎಷ್ಟು ಭಾರ ತಾಳುತ್ತದೆಂಬುದು ಸಲಕರಣೆಯ ಮೇಲೆ ಅಚ್ಚೊತ್ತಿರಬೇಕು. ಹೆಸರಿಲ್ಲದ, ಅಳತೆಯಿಲ್ಲದ, ಬಣ್ಣ ಮಾತ್ರ ಮಿನುಗುವ ಸರಕನ್ನು ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಕೊಳ್ಳಬೇಡಿ. ಗಾಡಿ ಎತ್ತುವ ಜಾಕಿ ಕೆಟ್ಟದ್ದಾದರೆ ಕೆಳಗೆ ಕಲ್ಲು, ದಿಮ್ಮಿ ಇಟ್ಟಾದರೂ ಬದುಕಬಹುದು. ಸ್ಪ್ರಿಂಗು ಕೈತಪ್ಪಿದರೆ ಅಡ್ಡ ಬರಲು ಏನೂ ಇರುವುದಿಲ್ಲ.

ಮೊದಲು ರೋಗ ತಿಳಿಯಿರಿ

ಮುಂಚಕ್ರದಲ್ಲಿ ‘ಟಕ್ ಟಕ್’ ಶಬ್ದ ಬಂದ ಮಾತ್ರಕ್ಕೆ ಸ್ಟ್ರಟ್ ಬಿಚ್ಚಿಸಬೇಕೆಂದಿಲ್ಲ. ಕೆಳತೋಳಿನ ರಬ್ಬರು ಬುಷ್ಷು, ಬಾಲ್ ಜಾಯಿಂಟು, ಕೆಲವು ಕಾರುಗಳಲ್ಲಿ ಅಡ್ಡಸರಳಿನ ಲಿಂಕು ಸವೆದಾಗಲೂ ಅದೇ ಶಬ್ದ. ಅವನ್ನು ಬದಲಾಯಿಸಲು ಸ್ಪ್ರಿಂಗು ಅದುಮಬೇಕಾಗಿಲ್ಲ, ಖರ್ಚೂ ಕಡಿಮೆ. ಮೊದಲು ಅವನ್ನು ಅಲುಗಿಸಿ ನೋಡುವಂತೆ ಮೇಸ್ತ್ರಿಗೆ ಹೇಳಿ. ಕೊಳವೆಯ ಮೇಲೆ ಎಣ್ಣೆ ಇಳಿದಿದ್ದರೆ, ಬ್ರೇಕು ಹಾಕಿದಾಗ ಮೂತಿ ತೀರ ತಗ್ಗಿದರೆ, ಗುಂಡಿ ದಾಟಿದ ಮೇಲೂ ಗಾಡಿ ತೊಟ್ಟಿಲಿನಂತೆ ತೂಗಿದರೆ, ಟೈರು ಅಲ್ಲಲ್ಲಿ ಕಿತ್ತಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರು ಮುಗಿದಿದೆ ಎಂದರ್ಥ. ಸ್ಟೇರಿಂಗು ತಿರುಗಿಸುವಾಗ ಮೇಲಿನಿಂದ ‘ಟಣ್’ ಎಂದು ಸ್ಪ್ರಿಂಗು ಸಿಡಿದಂತೆ ಕೇಳಿದರೆ ಮೇಲ್ತಟ್ಟೆಯ ಬೇರಿಂಗು ಹಿಡಿದಿರಬಹುದು. ಆಗ ಬಿಚ್ಚಲೇಬೇಕು.

ಹಿಂಚಕ್ರದ ಮಾತು ಬೇರೆ. ಓಮ್ನಿಯ ಹಿಂದೆ ಕಮಾನು. ಆಲ್ಟೊದಂಥ ಕಾರುಗಳ ಹಿಂದೆ ಸುರುಳಿ ಸ್ಪ್ರಿಂಗಿದ್ದರೂ ಶಾಕ್ ಅಬ್ಸಾರ್ಬರು ಪ್ರತ್ಯೇಕವಾಗಿ ನಿಂತಿರುತ್ತದೆ. ಅಚ್ಚಿನ ಕೆಳಗೆ ಜಾಕಿ ಕೊಟ್ಟು, ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು ಬಿಚ್ಚಿ, ಜಾಕಿಯನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗು ಸಾಮಾನ್ಯವಾಗಿ ತಾನೇ ಸಡಿಲಾಗುತ್ತದೆ. ಬ್ರೇಕಿನ ಕೊಳವೆ ಎಳೆಯದಂತೆ ನೋಡಿಕೊಂಡರೆ ಸಾಕು.

ಕೆಲಸದ ಕ್ರಮ

ಸದಸ್ಯರು ತಾವೇ ಈ ಕೆಲಸಕ್ಕೆ ಇಳಿಯಲೆಂದು ನಾವು ಬರೆಯುತ್ತಿಲ್ಲ. ಗ್ಯಾರೇಜಿನಲ್ಲಿ ಪಕ್ಕಕ್ಕೆ ನಿಂತು ನೋಡುವಾಗ ಸರಿ ತಪ್ಪು ತಿಳಿಯಲಿ, ತಪ್ಪು ಕಂಡರೆ ‘ನಿಲ್ಲಪ್ಪಾ’ ಎನ್ನುವ ಧೈರ್ಯ ಬರಲಿ ಎಂಬುದೇ ಉದ್ದೇಶ.

ಒಂದು: ಗಾಡಿಯನ್ನು ಸಮನೆಲದಲ್ಲಿ ಎತ್ತಿ ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕಿಯನ್ನು ನಂಬಬಾರದು. ಚಕ್ರ ತೆಗೆದು, ಬ್ರೇಕಿನ ಕೊಳವೆಯನ್ನು ಅದರ ಹಿಡಿಯಿಂದ ಬಿಡಿಸಿ, ಕೆಳಗಿನ ಎರಡು ಬೋಲ್ಟು, ಮೇಲಿನ ಸುತ್ತುನಟ್ಟುಗಳನ್ನು ಬಿಚ್ಚಿ ಸ್ಟ್ರಟ್ಟನ್ನು ಇಡಿಯಾಗಿ ಹೊರಗೆ ತೆಗೆಯಬೇಕು. ಈ ಹಂತದಲ್ಲಿ ನಡುನಟ್ಟನ್ನು ಮುಟ್ಟಲೇಬಾರದು.

ಎರಡು: ಸುರುಳಿಯನ್ನು ಒರೆಸಿ ನೋಡಬೇಕು. ಸುತ್ತು ಮುರಿದಿದ್ದರೆ, ತುಕ್ಕು ಆಳವಾಗಿ ತಿಂದಿದ್ದರೆ ಅದನ್ನು ಕೊಕ್ಕೆಯಿಂದ ಅದುಮುವ ಸಾಹಸ ಬೇಡ. ನಿಲುವು ಯಂತ್ರವಿರುವ ಕಡೆಗೆ ಒಯ್ಯಿರಿ. ಸ್ಪ್ರಿಂಗಿನ ತುದಿ ತಟ್ಟೆಯ ಯಾವ ಮೆಟ್ಟಿಲಿಗೆ ತಾಗಿದೆ ಎಂಬುದಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು.

ಮೂರು: ಸಲಕರಣೆಯ ಥ್ರೆಡ್ಡಿಗೆ ಗ್ರೀಸು ಹಚ್ಚಿ, ಎರಡು ಕೊಕ್ಕೆಗಳನ್ನು ಎದುರುಬದುರಾಗಿ, ಸಾಧ್ಯವಾದಷ್ಟು ಹೆಚ್ಚು ಸುತ್ತುಗಳು ಒಳಗೆ ಬರುವಂತೆ ಸಿಕ್ಕಿಸಿ, ತಡೆಪಿನ್ನು ಹಾಕಬೇಕು. ಸುರುಳಿಯ ಮೇಲೆ ಎಣ್ಣೆ ಗ್ರೀಸು ಇರಬಾರದು, ಕೊಕ್ಕೆ ಜಾರುತ್ತದೆ.

ನಾಲ್ಕು: ಬಿಗಿಯುವುದು ಕೈಪಾನಾದಿಂದಲೇ. ಇತ್ತ ಎರಡು ಸುತ್ತು, ಅತ್ತ ಎರಡು ಸುತ್ತು, ಹೀಗೆ ಸರದಿಯ ಮೇಲೆ. ಗಾಳಿಗನ್ನಿನಿಂದ ಬಿಗಿದರೆ ಥ್ರೆಡ್ಡು ಕಾದು ಸವೆಯುತ್ತದೆ, ಎರಡು ಬದಿಯ ಲೆಕ್ಕವೂ ತಪ್ಪುತ್ತದೆ. ಸ್ಪ್ರಿಂಗಿನ ತುದಿ ಯಾರ ಮುಖಕ್ಕೂ ನೇರವಾಗಿರಬಾರದು. ಬಿಗಿಯುವವನೂ ಬದಿಗೆ ನಿಲ್ಲಬೇಕು. ಕಣ್ಣಿಗೆ ಕನ್ನಡಕ, ಕೈಗೆ ಕೈಚೀಲ ಇರಬೇಕು. ಮಕ್ಕಳು, ಚಹಾ ತಂದವರು, ಗಾಡಿಯ ಯಜಮಾನರು ದೂರ.

ಐದು: ಎಲ್ಲಿಯವರೆಗೆ ಅದುಮಬೇಕು? ಸ್ಪ್ರಿಂಗು ತಟ್ಟೆಯನ್ನು ಬಿಟ್ಟು ಕೈಯಿಂದ ಅಲುಗುವಷ್ಟು ಮಾತ್ರ. ಸುತ್ತಿಗೆ ಸುತ್ತು ತಾಗುವವರೆಗೆ ಬಿಗಿಯುವುದು ಅನಾವಶ್ಯಕ, ಅಪಾಯಕರ. ಸ್ಪ್ರಿಂಗು ಅಲುಗಿತೆಂದು ಖಾತ್ರಿಯಾದ ಮೇಲೆಯೇ, ನಡುಸರಳನ್ನು ತಿರುಗದಂತೆ ಹಿಡಿದು ನಡುನಟ್ಟು ಬಿಚ್ಚಬೇಕು.

ಆರು: ಅದುಮಿದ ಸ್ಪ್ರಿಂಗನ್ನು ನೆಲದ ಮೇಲೆ ಬಿಟ್ಟು ಊಟಕ್ಕೆ ಹೋಗಬಾರದು. ಬಿಡಿಭಾಗ ಬರುವುದು ನಾಳೆಯಾದರೆ ಇಂದೇ ಸರದಿಯಂತೆ ಸಡಿಲಿಸಿ ಇಡಬೇಕು. ಬಿಡಿಭಾಗ ಕೈಗೆ ಬಂದ ಮೇಲೆ ಬಿಚ್ಚುವುದು ಎಲ್ಲಕ್ಕಿಂತ ಉತ್ತಮ.

ಏಳು: ಮರಳಿ ಜೋಡಿಸುವಾಗ ನಡುನಟ್ಟು ಹೊಸದಿರಲಿ. ಮೇಲಿನ ಬೇರಿಂಗು, ತಡೆರಬ್ಬರು, ಧೂಳಿನ ಚೀಲ ಇವನ್ನೂ ಅದೇ ಸಮಯದಲ್ಲಿ ನೋಡಿಬಿಡಬೇಕು. ನಡುನಟ್ಟು ಪೂರ್ತಿ ಬಿಗಿದು, ಸ್ಪ್ರಿಂಗಿನ ತುದಿ ತನ್ನ ಮೆಟ್ಟಿಲಲ್ಲಿ ಕುಳಿತ ಮೇಲೆಯೇ ಕೊಕ್ಕೆಗಳನ್ನು ಸರದಿಯಂತೆ ಸಡಿಲಿಸಬೇಕು. ಒಂದು ಬದಿಯ ಶಾಕ್ ಅಬ್ಸಾರ್ಬರೋ ಸ್ಪ್ರಿಂಗೋ ಬದಲಾದರೆ ಇನ್ನೊಂದು ಬದಿಯದನ್ನೂ ಬದಲಾಯಿಸುವುದು ಒಳ್ಳೆಯದು. ಕೆಳಗಿನ ಬೋಲ್ಟು ಬಿಚ್ಚಿದ್ದರಿಂದ ಚಕ್ರದ ಓರೆ ಬದಲಾಗಿರಬಹುದು. ಅಲೈನ್‌ಮೆಂಟು ನೋಡಿಸದಿದ್ದರೆ ಉಳಿಸಿದ ಹಣ ಟೈರಿನಲ್ಲಿ ಹೋಗುತ್ತದೆ.

ಸ್ಪ್ರಿಂಗನ್ನು ಗ್ಯಾಸಿನಿಂದ ಕಾಯಿಸಿ ಬಗ್ಗಿಸುವುದು, ಮುರಿದದ್ದಕ್ಕೆ ಬೆಸುಗೆ ಹಾಕುವುದು, ಸುತ್ತು ಕತ್ತರಿಸುವುದು ಇವು ಸಲ್ಲವು. ಕಾಯಿಸಿದ ಉಕ್ಕಿನ ಹದ ಹೋಗುತ್ತದೆ. ಹದ ಹೋದ ಸ್ಪ್ರಿಂಗು ಮುಂದಿನ ಗುಂಡಿಯಲ್ಲಿ ನಂಬಿಕೆದ್ರೋಹ ಮಾಡುತ್ತದೆ.

ಆಕ್ಷೇಪಗಳಿಗೆ ಸಮಾಧಾನ

ಸ್ಪ್ರಿಂಗು ಸಮೇತ ಜೋಡಿಸಿದ ಸ್ಟ್ರಟ್ಟನ್ನೇ ತಂದು ಹಾಕಿದರೆ ಈ ತಾಪತ್ರಯವೇ ಇಲ್ಲವಲ್ಲ ಎಂದು ಕೆಲವರು ಹೇಳುತ್ತಾರೆ. ಮಾತು ನಿಜ. ಸಿಕ್ಕುವ ಗಾಡಿಗೆ, ಕೊಡುವ ಶಕ್ತಿಯಿರುವವರಿಗೆ ಅದು ಒಳ್ಳೆಯ ದಾರಿ. ಆದರೆ ಎಲ್ಲ ಹಳೆಯ ಗಾಡಿಗೂ ಅದು ಸಿಕ್ಕುವುದಿಲ್ಲ. ಎರಡು ಎಕರೆ ತೋಟದವರು ಚೆನ್ನಾಗಿರುವ ಸ್ಪ್ರಿಂಗನ್ನು ಎಸೆದು ಹೊಸದಕ್ಕೆ ಹಣ ತೆತ್ತಾರೆ ಎಂದು ನಿರೀಕ್ಷಿಸುವುದೂ ಸರಿಯಲ್ಲ.

ಸಂಘವೇ ಕೊಕ್ಕೆಯ ಜೋಡಿಗಳನ್ನು ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡಲಿ ಎಂಬುದು ಇನ್ನೊಂದು ಸಲಹೆ. ಇದನ್ನು ನಾವು ಒಪ್ಪುವುದಿಲ್ಲ. ಅಡಿಕೆ ಸುಲಿಯುವ ಯಂತ್ರವನ್ನು, ಔಷಧಿ ಸಿಂಪಡಿಸುವ ಪಂಪನ್ನು ಬಾಡಿಗೆಗೆ ಪಡೆಯುವುದು ನಮಗೆ ರೂಢಿ. ಪಂಪು ಕೆಟ್ಟರೆ ಔಷಧಿ ನಷ್ಟ. ಕೊಕ್ಕೆ ಕೆಟ್ಟರೆ ನಷ್ಟವಾಗುವುದು ಕಣ್ಣು. ಹತ್ತು ಕೈ ದಾಟಿದ ಕೊಕ್ಕೆಯ ಥ್ರೆಡ್ಡು ಯಾರ ಕೈಯಲ್ಲಿ ಸವೆಯಿತೆಂದು ಕೊನೆಯವನಿಗೆ ತಿಳಿಯುವುದಿಲ್ಲ. ಆದ್ದರಿಂದ ಸಲಕರಣೆ ಮನೆಮನೆಗೆ ಹೋಗಬಾರದು. ಸ್ಟ್ರಟ್ಟೇ ಸಲಕರಣೆಯ ಬಳಿಗೆ ಬರಬೇಕು.

ಗ್ಯಾರೇಜಿನವರು ತಾವೇ ಕೊಂಡುಕೊಳ್ಳಲಿ, ಸಂಘಕ್ಕೇಕೆ ಎಂಬುದು ಮೂರನೆಯ ಆಕ್ಷೇಪ. ಒಂದೊಂದು ಸಣ್ಣ ಗ್ಯಾರೇಜಿಗೆ ವಾರಕ್ಕೆ ಒಂದೆರಡು ಸ್ಟ್ರಟ್ ಕೆಲಸ ಬಂದರೆ ಹೆಚ್ಚು. ಅಷ್ಟಕ್ಕೆ ನಿಲುವು ಯಂತ್ರ ಕೊಂಡರೆ ಬಡ್ಡಿಯೂ ಹುಟ್ಟದು. ಒಬ್ಬನಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡುವುದಕ್ಕೇ ಸಹಕಾರ ಹುಟ್ಟಿದ್ದು. ೧೯೦೫ರಲ್ಲಿ ನೆರೆಯ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ, ೧೯೭೩ರಲ್ಲಿ ಕರ್ನಾಟಕ ಕೇರಳಗಳ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಕಟ್ಟಿದಾಗಲೂ ಇದ್ದ ತತ್ವ ಇದೇ. ಆ ದೊಡ್ಡ ಕೆಲಸಗಳ ಮುಂದೆ ಒಂದು ಸ್ಪ್ರಿಂಗಿನ ಯಂತ್ರ ಬಹಳ ಸಣ್ಣದು. ಸಣ್ಣದೆಂಬ ಕಾರಣಕ್ಕೇ ಅದನ್ನು ಯಾರೂ ಕೈಗೆತ್ತಿಕೊಂಡಿಲ್ಲ.

ನಮ್ಮ ಸಲಹೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಪಟ್ಟಣಗಳಲ್ಲಿ ಒಂದೊಂದು ನಿಲುವು ಯಂತ್ರವನ್ನು ಸಂಘವು ಕೊಂಡು ಸ್ಥಾಪಿಸಲಿ. ಸಂಘದ ಸ್ವಂತ ಗೋದಾಮು ಇರುವಲ್ಲಿ ಅಲ್ಲಿಯೇ. ಇಲ್ಲದಲ್ಲಿ ಒಬ್ಬ ನಂಬಿಕಸ್ಥ ಗ್ಯಾರೇಜಿನವರ ಬಳಿ, ಲಿಖಿತ ಕರಾರಿನ ಮೇಲೆ. ಐದಕ್ಕೂ ಒಮ್ಮೆಗೆ ಹಣವಿಲ್ಲವಾದರೆ ಮೊದಲ ವರ್ಷ ಎರಡರಿಂದ ಆರಂಭವಾಗಲಿ.

ಯಂತ್ರವನ್ನು ಮುಟ್ಟುವವರು ಪ್ರತಿ ಊರಿನಲ್ಲಿ ಇಬ್ಬರು ಮಾತ್ರ ಇರಲಿ. ಸರ್ಕಾರಿ ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದಿದೆ. ಅಲ್ಲಿ ಕಲಿತು ಬಂದ ನಮ್ಮ ಊರುಗಳ ಹುಡುಗರನ್ನು ಆರಿಸಿಕೊಳ್ಳಬಹುದು. ಈಗಿರುವ ಮೇಸ್ತ್ರಿಗಳನ್ನು ದೂರವಿಡದೆ, ಅವರೂ ತಮ್ಮ ಗಿರಾಕಿಯ ಸ್ಟ್ರಟ್ಟನ್ನು ತಂದು ಅದುಮಿಸಿಕೊಂಡು ಹೋಗುವಂತಿರಲಿ. ಅವರ ಮಜೂರಿ ಅವರಿಗೇ ಇರಲಿ, ಸಂಘಕ್ಕೆ ಸ್ಟ್ರಟ್ಟಿಗೆ ಇಷ್ಟೆಂದು ಸಣ್ಣ ಶುಲ್ಕ ಬರಲಿ. ಒಂದು ರಿಜಿಸ್ಟರು ಇಟ್ಟು ದಿನಾಂಕ, ಗಾಡಿಯ ಬಗೆ, ಕೆಲಸ ಮಾಡಿದವರ ಸಹಿ ಬರೆಸಲಿ. ವರ್ಷಕ್ಕೊಮ್ಮೆ ಸ್ಕ್ರೂ, ಹಿಡಿ, ಪಿನ್ನುಗಳನ್ನು ಪರೀಕ್ಷಿಸಿ, ಸವೆದದ್ದನ್ನು ಗುಜರಿಗೆ ಹಾಕಲಿ. ಯಂತ್ರ ಬಂದ ಮೇಲೆ ಊರಿನ ಹಗ್ಗ, ಸರಪಳಿ, ಬೆಸುಗೆಯ ಕೊಕ್ಕೆಗಳೂ ಅದೇ ಗುಜರಿ ಸೇರಲಿ.

ಕೊನೆಯದಾಗಿ ಮಕ್ಕಳ ಮಾತು. ಹದಿನಾಲ್ಕು ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. ಹಾಗಿದ್ದೂ ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುವ ಚಿಕ್ಕ ಕೈಗಳನ್ನು ನಾವು ಕಾಣದವರಂತೆ ಕಂಡು ಬರುತ್ತೇವೆ. ಸ್ಪ್ರಿಂಗನ್ನು ಕಾಲಲ್ಲಿ ಅದುಮಿ ಹಿಡಿಯಲು ಕೂರಿಸುವುದು ಹೆಚ್ಚಾಗಿ ಅವರನ್ನೇ. ಅಂಥ ಕಡೆ ಗಾಡಿ ಬಿಡುವುದಿಲ್ಲವೆಂದು ಸದಸ್ಯರು ನಿರ್ಧರಿಸಿದರೆ, ಯಾವ ಯಂತ್ರವೂ ಬರುವ ಮೊದಲೇ ಅರ್ಧ ಕೆಲಸ ಆದಂತೆ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯವನ್ನು ಠರಾವಿನ ರೂಪದಲ್ಲಿ ಮಂಡಿಸಲು ಐದು ತಾಲ್ಲೂಕಿನ ನಾವು ಸಿದ್ಧರಿದ್ದೇವೆ. ಮಲೆನಾಡಿನ ಸದಸ್ಯರ ಜೀಪಿಗೆ ಇದು ಬೇಡದಿರಬಹುದು. ಆದರೆ ಅವರ ಮನೆಯ ಅಂಗಳದಲ್ಲೂ ಈಗ ಒಂದು ಸಣ್ಣ ಕಾರು ನಿಂತಿರುತ್ತದೆ. ಅದನ್ನು ನೆನೆದು ಅವರೂ ಕೈಯೆತ್ತಲಿ ಎಂದು ಕೋರುತ್ತೇವೆ. ಅಲ್ಲಿಯವರೆಗೆ ಒಂದೇ ಅರಿಕೆ: ನಿಮ್ಮ ಗಾಡಿಯ ಸ್ಟ್ರಟ್ ಬಿಚ್ಚುವ ದಿನ ಮೇಸ್ತ್ರಿಯನ್ನು ಅವಸರಪಡಿಸಬೇಡಿ, ಸರಿಯಾದ ಸಲಕರಣೆ ಇದೆಯೇ ಎಂದು ಮೊದಲು ಕೇಳಿ, ಇಲ್ಲವೆಂದರೆ ಗಾಡಿಯನ್ನು ಹಾಗೆಯೇ ಹಿಂದಕ್ಕೆ ತನ್ನಿ. ಅಡಿಕೆ ಒಂದು ದಿನ ತಡವಾಗಿ ಮಂಡಿ ಸೇರಿದರೆ ಆಕಾಶ ಬೀಳುವುದಿಲ್ಲ.